ಲ್ಯಾಬ್ ಬಾಗಿಲ ಹಾಜರಿ ಪೆಟ್ಟಿಗೆ, ಕೆರ್ಬರೋಸ್, ಮತ್ತೆ ಶನಿವಾರಕ್ಕೇ ನಿಂತ ಗಡಿಯಾರ

ತುಮಕೂರಲ್ಲಿ ನಾನು ನೋಡ್ಕೊಳ್ಳೋ ಲ್ಯಾಬಲ್ಲಿ 26 ಹಳೇ ಡೆಸ್ಕ್‌ಟಾಪ್ ಇದಾವೆ, ಎಲ್ಲದಕ್ಕೂ ಡೆಬಿಯನ್ ಲಿನಕ್ಸ್ ಹಾಕಿದೀನಿ, ಹುಡುಗ್ರು ಯಾವ ಮಿಷಿನ್ ಮುಂದೆ ಕೂತ್ರೂ ಅದೇ ಯೂಸರ್‌ನೇಮ್, ಅದೇ ಪಾಸ್‌ವರ್ಡ್, ಅವರವರ ಫೈಲು ಸರ್ವರಿಂದ ಬಂದು ನಿಲ್ಲುತ್ತೆ. ಇದನ್ನೆಲ್ಲ ಹಿಡ್ಕೊಂಡಿರೋದು ಕೆರ್ಬರೋಸ್, ಅಂದ್ರೆ ನೆಟ್‌ವರ್ಕಲ್ಲಿ ಯಾರು ಯಾರು ಅಂತ ಗುರುತು ಹಿಡಿಯೋ ವ್ಯವಸ್ಥೆ. ಪಾಸ್‌ವರ್ಡು ವೈರ್ ಮೇಲೆ ಹೋಗೋದೇ ಇಲ್ಲ, ಕೆಡಿಸಿ ಅನ್ನೋ ಒಂದು ಸರ್ವರ್ ಟಿಕೆಟ್ ಕೊಡುತ್ತೆ, ಆ ಟಿಕೆಟ್ ತೋರಿಸಿ ಬೇರೆ ಕಡೆ ಒಳಗೆ ಹೋಗೋದು. 1983ರಲ್ಲಿ ಎಂಐಟಿಯಲ್ಲಿ ಅಥೀನಾ ಅಂತ ಪ್ರಾಜೆಕ್ಟ್ ಶುರುವಾಯ್ತಲ್ಲ, ಕ್ಯಾಂಪಸ್ಸಲ್ಲಿ ಯಾವ ವಿದ್ಯಾರ್ಥಿ ಯಾವ ವರ್ಕ್‌ಸ್ಟೇಷನ್ ಮುಂದೆ ಬೇಕಾದ್ರೂ ಕೂರಬಹುದು, ಅವನು ಅವನೇ ಅಂತ ನೆಟ್‌ವರ್ಕಿಗೆ ಗೊತ್ತಾಗ್ಬೇಕು ಅನ್ನೋ ತಾಪತ್ರಯ, ಅಲ್ಲಿಂದ ಹುಟ್ಟಿದ್ದು ಇದು. ನಮ್ಮ ಲ್ಯಾಬಿನ ತಾಪತ್ರಯನೂ ಅದೇ ಆಗಿದ್ರಿಂದ ನಂಗೆ ಇದರ ಮೇಲೆ ಮೊದಲಿಂದ್ಲೂ ಪ್ರೀತಿ.

ಈ ಸಲ ಮಾಡಿದ್ದು ಒಂದು ಹಾಜರಿ ಪೆಟ್ಟಿಗೆ. ಬೀರುವಲ್ಲಿ ಸುಮ್ನೆ ಬಿದ್ದಿದ್ದ ಒಂದು ರಾಸ್ಪ್‌ಬೆರಿ ಪೈ 3 (ಅಂಗೈಯಷ್ಟಗಲದ ಪುಟ್ಟ ಕಂಪ್ಯೂಟರ್), 16 ಅಕ್ಷರ ಎರಡು ಸಾಲಿನ ಎಲ್‌ಸಿಡಿ, ಒಂದು ಹಳೇ ಯುಎಸ್‌ಬಿ ಕೀಬೋರ್ಡ್. ಹುಡುಗ್ರು ಬಾಗಿಲ ಹತ್ರ ಯೂಸರ್‌ನೇಮ್ ಪಾಸ್‌ವರ್ಡ್ ಒತ್ತಿ ಒಳಗೆ ಬರ್ಬೇಕು, ಪೆಟ್ಟಿಗೆ ಕೆಡಿಸಿ ಹತ್ರ ಕೇಳಿ ಸರಿ ಅಂದ್ರೆ ಹೆಸರು, ಟೈಮು ಎರಡನ್ನೂ ಒಂದು ಫೈಲಲ್ಲಿ ಬರ್ಕೊಳ್ಬೇಕು, ಸಂಜೆ ಆ ಫೈಲನ್ನ ಆಫೀಸ್ ಮಿಷಿನ್ನಿಗೆ ಕಳಿಸ್ಬೇಕು. ಹಾಜರಿ ಪುಸ್ತಕದಲ್ಲಿ ಒಬ್ಬ ನಾಲ್ಕು ಜನರ ಸಹಿ ಹಾಕೋದು ನಿಲ್ಲಲಿ ಅನ್ನೋದಷ್ಟೇ ಉದ್ದೇಶ. ಪ್ರೋಗ್ರಾಂ ಸಿ ಭಾಷೇಲಿ, ಎಂಐಟಿ ಕೆರ್ಬರೋಸ್‌ನ ಕೆಆರ್‌ಬಿ5 ಲೈಬ್ರರಿ (ಬೇರೆಯವರು ಬರೆದಿಟ್ಟ ರೆಡಿ ಕೋಡು) ಮೇಲೆ, ಒಟ್ಟು 400 ಸಾಲು ಇರಬಹುದು.

400 ಸಾಲಲ್ಲಿ ಎನ್‌ಕ್ರಿಪ್ಷನ್ನಿಗೆ ನಾನು ಕೈ ಹಾಕಿದ್ದು ಒಂದು ಸಾಲೂ ಇಲ್ಲ, ಅದು ಲೈಬ್ರರಿ ಪಾಡಿಗೆ ಮಾಡ್ಕೊಳ್ಳುತ್ತೆ, ಒಂದು ಸಲನೂ ಕೈ ಕೊಡ್ಲಿಲ್ಲ. ಎರಡು ತಿಂಗಳು ನಾನು ಒದ್ದಾಡಿದ್ದು ಪೂರ್ತಿ ಲೈಬ್ರರಿ ಆಪರೇಟಿಂಗ್ ಸಿಸ್ಟಮ್ಮಿಗೆ ಕೇಳೋ ಸಣ್ಣ ಸಣ್ಣ ಪ್ರಶ್ನೆಗಳಲ್ಲಿ. ಈಗ ಟೈಮೆಷ್ಟು? ಈ ಮಿಷಿನ್ ಹೆಸರೇನು? ಕೆಡಿಸಿ ಎಲ್ಲಿದೆ? ಕೀ ಇಟ್ಟಿರೋ ಫೈಲ್ ಯಾವುದು, ಅದನ್ನ ಓದೋಕೆ ಪರ್ಮಿಷನ್ ಇದೆಯಾ? ಪಾಸ್‌ವರ್ಡನ್ನ ಕೀಬೋರ್ಡಿಂದ ಹೇಗೆ ತಗೊಳ್ಳೋದು? ಲೈಬ್ರರಿ ಸೋರ್ಸ್ ಇಳಿಸ್ಕೊಂಡು ನೋಡಿದ್ರೆ ಇದಕ್ಕೆಲ್ಲ ಸೇರಿ ಓಎಸ್ ಅಂತಾನೇ ಒಂದು ಡೈರೆಕ್ಟರಿ ಇದೆ, ಒಳಗೆ ಇಷ್ಟಿಷ್ಟೇ ಉದ್ದದ ಫೈಲುಗಳು, ಒಂದೊಂದು ಫೈಲಿಗೆ ಒಂದೊಂದು ಪ್ರಶ್ನೆ. ಕೆರ್ಬರೋಸ್ ಕಲಿಯೋರು ಮೊದಲು ಈ ಡೈರೆಕ್ಟರಿ ಓದ್ಬೇಕು ಅಂತ ನಾನು ಈಗ ಗಟ್ಟಿಯಾಗಿ ಹೇಳ್ತೀನಿ, ಯಾಕಂದ್ರೆ ಲ್ಯಾಬಲ್ಲಿ ಸೋಮವಾರ ಬೆಳಗ್ಗೆ ಬೀಳೋ ಗುಂಡಿಗಳೆಲ್ಲ ಅಲ್ಲೇ ಇರೋದು.

ಮೊದಲನೇ ಗುಂಡಿ ಪಾಸ್‌ವರ್ಡ್ ಕೇಳೋದ್ರಲ್ಲಿ. ಲೈಬ್ರರಿಲಿ ಅದಕ್ಕೆ ಒಂದು ರೆಡಿ ಫಂಕ್ಷನ್ ಇದೆ, ಟರ್ಮಿನಲ್ಲಲ್ಲಿ ಅಕ್ಷರ ಕಾಣದ ಹಾಗೆ ಎಕೋ ಆಫ್ ಮಾಡಿ, ಒಂದು ಸಾಲು ಓದಿ, ಮತ್ತೆ ಎಕೋ ಆನ್ ಮಾಡುತ್ತೆ, ಮಧ್ಯದಲ್ಲಿ ಯಾರಾದ್ರೂ ಕಂಟ್ರೋಲ್ ಸಿ ಒತ್ತಿದ್ರೂ ಟರ್ಮಿನಲ್ಲನ್ನ ಮೊದಲಿನ ಸ್ಥಿತಿಗೆ ತಂದೇ ಬಿಡುತ್ತೆ. ನನ್ನ ಪೆಟ್ಟಿಗೆಲಿ ಟರ್ಮಿನಲ್ಲೇ ಇಲ್ಲ, ಎಲ್‌ಸಿಡಿ ಮೇಲೆ ನಕ್ಷತ್ರ ಮೂಡಿಸ್ಬೇಕು, ಅದಕ್ಕೆ ನನ್ನದೇ ಫಂಕ್ಷನ್ ಬರೆದು ಕೊಟ್ಟೆ. ಲೈಬ್ರರಿ ನಮಗೆ ಏನು ಪ್ರಶ್ನೆ ಕೇಳ್ಬೇಕು, ಉತ್ತರ ಮರೆಮಾಡ್ಬೇಕಾ, ಉತ್ತರ ಎಲ್ಲಿ ಹಾಕ್ಬೇಕು ಅನ್ನೋ ಮೂರು ವಿಷಯ ಕೊಡುತ್ತೆ. ನಾನು ಬಫರಲ್ಲಿ (ಉತ್ತರ ಹಾಕೋಕೆ ಕೊಟ್ಟ ಮೆಮೊರಿ ಜಾಗ) ಪಾಸ್‌ವರ್ಡ್ ತುಂಬಿದೆ, ವಾಪಸ್ ಬಂದೆ, ಕೆಡಿಸಿಯಿಂದ ಪ್ರಿಆಥೆಂಟಿಕೇಷನ್ ಫೇಲ್ಡ್, ಅಂದ್ರೆ ಪಾಸ್‌ವರ್ಡ್ ಹೊಂದ್ತಿಲ್ಲ ಅಂತ ಬಂತು. ಪಾಸ್‌ವರ್ಡ್ ಸರಿಯಾಗೇ ಇದೆ, ಅದೇ ಪಾಸ್‌ವರ್ಡ್ ಪಕ್ಕದ ಡೆಸ್ಕ್‌ಟಾಪಲ್ಲಿ ಕೆಲಸ ಮಾಡುತ್ತೆ. ಎರಡು ಸಂಜೆ ಹೋಯ್ತು. ವಿಷಯ ಏನಂದ್ರೆ, ಆ ಬಫರ್ ಜೊತೆ ಬರೋ ಲೆಂತ್ ಅನ್ನೋ ಜಾಗದಲ್ಲಿ ಒಳಗೆ ಬರುವಾಗ ಬಫರ್ ಎಷ್ಟು ದೊಡ್ಡದು ಅಂತ ಇರುತ್ತೆ, ಹೊರಗೆ ಹೋಗುವಾಗ ಉತ್ತರ ಎಷ್ಟು ಉದ್ದ ಅಂತ ನಾವು ತಿದ್ದಿ ಕಳಿಸ್ಬೇಕು. ನಾನು ತಿದ್ದಿರ್ಲಿಲ್ಲ, ಹಂಗಾಗಿ ಎಂಟು ಅಕ್ಷರದ ಪಾಸ್‌ವರ್ಡ್ ಹಿಂದೆ ಬಫರಲ್ಲಿದ್ದ ಕಸವೆಲ್ಲ ಸೇರ್ಕೊಂಡು ಅದರಿಂದ ಕೀ ತಯಾರಾಗ್ತಿತ್ತು. ಒಂದು ಸಾಲು ಸೇರಿಸಿದೆ, ಸರಿಹೋಯ್ತು. ಅದರ ಜೊತೆಗೇ, ಕೆಲಸ ಮುಗಿದ ತಕ್ಷಣ ನನ್ನ ಕಡೆ ಉಳಿದ ಪಾಸ್‌ವರ್ಡ್ ಕಾಪಿನ ಅಳಿಸೋ ಸಾಲನ್ನೂ ಬರೆದೆ. ಸಾದಾ ಮೆಮ್‌ಸೆಟ್ ಹಾಕಿದ್ರೆ ಇದನ್ನ ಮುಂದೆ ಯಾರೂ ಓದಲ್ಲ ಅಂತ ಕಂಪೈಲರ್ ಆ ಸಾಲನ್ನೇ ತೆಗೆದುಬಿಡಬಹುದು, ಅದಕ್ಕೇ ಅಂತ ಇರೋ ಎಕ್ಸ್‌ಪ್ಲಿಸಿಟ್ ಬಿ ಜೀರೋ ಬಳಸ್ಬೇಕು. ಹುಡುಗ್ರ ಪಾಸ್‌ವರ್ಡ್ ಅದು, ನಮ್ಮ ಕೈಲಿ ಅರ್ಧ ನಿಮಿಷ ಇದ್ರೂ ಜೋಪಾನವಾಗಿರ್ಬೇಕು.

ಎರಡನೇದು ಚಿಕ್ಕದು. ಲಾಗಿನ್ ಆಗ್ತಿತ್ತು, ಆದ್ರೆ ಪ್ರತಿ ಸಲ ಒಂದು ಸೆಕೆಂಡಿಗಿಂತ ಜಾಸ್ತಿ ತಡ. ಒಬ್ಬನಿಗೆ ಒಂದು ಸೆಕೆಂಡ್ ಏನೂ ಅಲ್ಲ, ಬಾಗಿಲಲ್ಲಿ 40 ಜನ ನಿಂತಾಗ ಗೊತ್ತಾಗುತ್ತೆ. ಕೆಆರ್‌ಬಿ5 ಟ್ರೇಸ್ ಅಂತ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಇದೆ, ಅದಕ್ಕೆ ಒಂದು ಫೈಲ್ ಹೆಸರು ಕೊಟ್ರೆ ಲೈಬ್ರರಿ ಯಾರಿಗೆ ಏನು ಕಳಿಸ್ತು, ಏನು ಬಂತು ಅಂತ ಸಾಲುಸಾಲಾಗಿ ಬರೆದಿಡುತ್ತೆ, 1.9ನೇ ಆವೃತ್ತಿಯಿಂದ ಇರೋ ಸೌಲಭ್ಯ, ಇದು ಗೊತ್ತಿಲ್ದೆ ಕೆರ್ಬರೋಸ್ ರಿಪೇರಿಗೆ ಕೂರಲೇಬಾರ್ದು. ನೋಡಿದ್ರೆ ಹಳೇ ಕೆಡಿಸಿ ಐಪಿ ಇನ್ನೂ ಕಾನ್ಫಿಗ್ ಫೈಲಲ್ಲಿ ಮೊದಲನೇ ಸಾಲಲ್ಲಿತ್ತು, ಆ ಮಿಷಿನ್ ಗುಜರಿಗೆ ಹೋಗಿ ವರ್ಷ ಆಗಿದೆ. ಲೈಬ್ರರಿ ಮೊದಲು ಕಾನ್ಫಿಗಲ್ಲಿ ಕೆಡಿಸಿ ಹುಡುಕುತ್ತೆ, ಅಲ್ಲಿ ಏನೂ ಇಲ್ಲ ಅಂದ್ರೆ ಡಿಎನ್‌ಎಸ್ (ಮಿಷಿನ್ ಹೆಸರಿಗೆ ಐಪಿ ಹೇಳೋ ಸೇವೆ) ಹತ್ರ ಎಸ್‌ಆರ್‌ವಿ ರೆಕಾರ್ಡ್, ಅಂದ್ರೆ ಯಾವ ಸೇವೆ ಎಲ್ಲಿದೆ ಅನ್ನೋ ನಮೂದು, ಕೇಳುತ್ತೆ. ಸಿಕ್ಕಿದ ಪಟ್ಟಿಲಿ ಮೊದಲನೆಯವನಿಗೆ ಯುಡಿಪಿ 88ನೇ ಪೋರ್ಟಿಗೆ ಕಳಿಸಿ ಒಂದು ಸೆಕೆಂಡ್ ಕಾಯುತ್ತೆ, ಉತ್ತರ ಬರಲಿಲ್ಲ ಅಂದ್ರೆ ಮೊದಲನೆಯವನ ಕಡೆ ಒಂದು ಕಿವಿ ಇಟ್ಕೊಂಡೇ ಎರಡನೆಯವನಿಗೆ ಕಳಿಸುತ್ತೆ. ಆ ಐಪಿಲಿ ಮಿಷಿನ್ ಇದ್ದು ಕೆಡಿಸಿ ಮಾತ್ರ ಇಲ್ದಿದ್ರೆ ಪೋರ್ಟ್ ಇಲ್ಲ ಅನ್ನೋ ಉತ್ತರ ತಕ್ಷಣ ಬಂದುಬಿಡ್ತಿತ್ತು, ತಡ ಆಗ್ತಿರ್ಲಿಲ್ಲ, ಮಿಷಿನ್ನೇ ಇಲ್ಲದ್ದಕ್ಕೆ ಪೂರ್ತಿ ಒಂದು ಸೆಕೆಂಡ್ ಮೌನ. ಆ ಸಾಲು ಅಳಿಸಿದೆ, ಮುಗೀತು.

ಮೂರನೇದಕ್ಕೆ ನಾನು ನಿಜವಾಗ್ಲೂ ಹೆದರಿದೆ, ಅದನ್ನ ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ಬೇರೆಯವರ ಪ್ರೋಗ್ರಾಮಲ್ಲೂ ಇದು ಇರೋ ಸಾಧ್ಯತೆ ಇದೆ.

ಕೆಡಿಸಿ ಟಿಕೆಟ್ ಕೊಟ್ಟಿತು ಅಂದ ಮಾತ್ರಕ್ಕೆ ಆ ಮನುಷ್ಯ ಅವನೇ ಅಂತ ಪೆಟ್ಟಿಗೆ ನಂಬೋ ಹಾಗಿಲ್ಲ. ಯಾರಾದ್ರೂ ಒಂದು ಲ್ಯಾಪ್‌ಟಾಪಲ್ಲಿ ಸುಳ್ಳು ಕೆಡಿಸಿ ಓಡಿಸಿ, ಅದರಲ್ಲಿ ತನ್ನ ಗೆಳೆಯನ ಹೆಸರಿಗೆ ತಾನೇ ಒಂದು ಪಾಸ್‌ವರ್ಡ್ ಇಟ್ಟು, ಪೆಟ್ಟಿಗೆಯ ಪ್ರಶ್ನೆಗೆ ನಿಜವಾದ ಕೆಡಿಸಿಗಿಂತ ಮೊದಲೇ ಉತ್ತರ ಕಳಿಸಿದ್ರೆ, ಪೆಟ್ಟಿಗೆ ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತೆ. ಸುಳ್ಳು ಕೆಡಿಸಿಗೂ ಆ ಪಾಸ್‌ವರ್ಡಿಗೂ ಹೊಂದಾಣಿಕೆ ಇದೆಯಲ್ಲ, ಅಷ್ಟೇ ಸಾಕು. ಅದಕ್ಕೆ ಮದ್ದು ಏನಂದ್ರೆ ಪೆಟ್ಟಿಗೆಗೂ ಒಂದು ಸ್ವಂತ ಕೀ ಇರ್ಬೇಕು, ಅದು ನಿಜವಾದ ಕೆಡಿಸಿಗೆ ಮತ್ತೆ ಪೆಟ್ಟಿಗೆಗೆ ಮಾತ್ರ ಗೊತ್ತಿರ್ಬೇಕು. ಹುಡುಗನ ಟಿಕೆಟ್ ಸಿಕ್ಕಿದ ಮೇಲೆ ಅದನ್ನ ತೋರಿಸಿ ಪೆಟ್ಟಿಗೆ ತನ್ನ ಹೆಸರಿಗೇ ಇನ್ನೊಂದು ಟಿಕೆಟ್ ಕೇಳುತ್ತೆ, ಬಂದಿದ್ದನ್ನ ತನ್ನ ಕೀಯಿಂದ ಬಿಚ್ಚೋಕೆ ನೋಡುತ್ತೆ, ಬಿಚ್ಚಿಕೊಂಡ್ರೆ ಉತ್ತರ ಕೊಟ್ಟಿದ್ದು ನಿಜವಾದ ಕೆಡಿಸಿನೇ. ಇಷ್ಟನ್ನೂ ಲೈಬ್ರರಿಲಿ ವೆರಿಫೈ ಇನಿಟ್ ಕ್ರೆಡ್ಸ್ ಅನ್ನೋ ಒಂದೇ ಫಂಕ್ಷನ್ ಮಾಡುತ್ತೆ. ಕೀ ಇರೋದು ಕೀಟ್ಯಾಬ್ ಅನ್ನೋ ಫೈಲಲ್ಲಿ, ಬೇರೆ ಏನೂ ಹೇಳದಿದ್ರೆ ಇಟಿಸಿ ಡೈರೆಕ್ಟರಿಲಿ ಇರೋದನ್ನ ನೋಡುತ್ತೆ.

ನಾನು ಆ ಫಂಕ್ಷನ್ ಕರೆದಿದ್ದೆ, ಸಕ್ಸೆಸ್ ಅಂತಾನೇ ಬರ್ತಿತ್ತು, ನೆಮ್ಮದಿಯಾಗಿದ್ದೆ. ಒಂದಿನ ಸುಮ್ನೆ ಪರೀಕ್ಷೆ ಮಾಡಣ ಅಂತ ಮನೇಲಿ ಇನ್ನೊಂದು ಕೆಡಿಸಿ ಎಬ್ಬಿಸಿ, ನಮ್ಮ ರೆಲ್ಮ್ (ಒಂದು ಕೆಡಿಸಿ ನೋಡ್ಕೊಳ್ಳೋ ವ್ಯಾಪ್ತಿ) ಹೆಸರನ್ನೇ ಕೊಟ್ಟು, ಪೆಟ್ಟಿಗೆನ ಅದಕ್ಕೆ ತಗಲಿಸಿ ನೋಡಿದ್ರೆ ಒಳಗೆ ಬಿಟ್ಟುಬಿಡ್ತು! ಹಾಜರಿನೂ ಬರ್ಕೊಂಡ್ತು. ಕಾರಣ ಹುಡುಕ್ತಾ ಹೋದ್ರೆ ಕೀಟ್ಯಾಬ್ ಫೈಲ್ ರೂಟಿಗೆ, ಅಂದ್ರೆ ಮಿಷಿನ್ನಿನ ಮುಖ್ಯ ಯೂಸರಿಗೆ ಮಾತ್ರ ಓದೋಕೆ ಬರುತ್ತೆ, ಅದು ಹಂಗೇ ಇರ್ಬೇಕಾದ್ದೇ, ಆದ್ರೆ ನನ್ನ ಪ್ರೋಗ್ರಾಂ ಓಡ್ತಿದ್ದಿದ್ದು ಹಾಜರಿಗೆ ಅಂತ ಮಾಡಿದ್ದ ಬೇರೆ ಯೂಸರ್ ಆಗಿ. ಫೈಲ್ ತೆರೆಯೋಕೆ ಆಗ್ಲಿಲ್ಲ, ಕೀ ಸಿಗ್ಲಿಲ್ಲ, ಆಗ ಲೈಬ್ರರಿ ಡೀಫಾಲ್ಟಾಗಿ ಈ ಮಿಷಿನ್ನಿಗೆ ಕೀನೇ ಕೊಟ್ಟಿಲ್ಲ ಅನ್ಸುತ್ತೆ ಅಂದ್ಕೊಂಡು ಪರೀಕ್ಷೆನೇ ಮಾಡ್ದೆ ಸರಿ ಅಂತ ಹೇಳಿ ಕಳಿಸುತ್ತೆ. ಕೀ ಇಲ್ಲದ ಸಾದಾ ಡೆಸ್ಕ್‌ಟಾಪುಗಳಲ್ಲೂ ಲಾಗಿನ್ ನಡೀಲಿ ಅಂತ ಇಟ್ಟಿರೋ ನಡವಳಿಕೆ ಅದು, ಅರ್ಥ ಆಗುತ್ತೆ, ಆದ್ರೆ ಬಾಗಿಲಲ್ಲಿ ಕೂತ ಪೆಟ್ಟಿಗೆಗೆ ಅದು ಸರಿ ಅಲ್ವೇ ಅಲ್ಲ.

ಎರಡು ಕೆಲಸ ಮಾಡಿದೆ. ಪೆಟ್ಟಿಗೆಗೆ ಅಂತಾನೇ ಬೇರೆ ಕೀಟ್ಯಾಬ್ ತೆಗೆದು, ಹಾಜರಿ ಯೂಸರಿಗೆ ಮಾತ್ರ ಓದೋ ಪರ್ಮಿಷನ್ ಕೊಟ್ಟು, ಅದರ ದಾರಿನ ಪ್ರೋಗ್ರಾಮಲ್ಲಿ ಸ್ಪಷ್ಟವಾಗಿ ಬರೆದೆ. ಜೊತೆಗೆ ವೆರಿಫೈ ಎಪಿ ರೆಕ್ ನೋಫೇಲ್ ಅನ್ನೋ ಸೆಟ್ಟಿಂಗನ್ನ ಟ್ರೂ ಮಾಡಿದೆ, ಅಂದ್ರೆ ಪರೀಕ್ಷೆ ಮಾಡೋಕೆ ಆಗಲಿಲ್ಲ ಅಂದ್ರೂ ಅದನ್ನ ಫೇಲ್ ಅಂತಲೇ ಹಿಡಿ. ಆಮೇಲೆ ಕೀಟ್ಯಾಬ್ ಫೈಲನ್ನ ಬೇಕಂತಲೇ ಬೇರೆ ಕಡೆ ಸರಿಸಿ ಒತ್ತಿ ನೋಡಿದೆ, ಒಳಗೆ ಬಿಡ್ಲಿಲ್ಲ. ಸುಳ್ಳು ಕೆಡಿಸಿಗೆ ತಗಲಿಸಿ ನೋಡಿದೆ, ಬಿಡ್ಲಿಲ್ಲ. ಅವತ್ತಿಂದ ನನ್ನ ಅಭ್ಯಾಸ ಏನಂದ್ರೆ, ಸರಿ ಪಾಸ್‌ವರ್ಡಿಗೆ ಬಾಗಿಲು ತೆಗೀತು ಅಂತ ಖುಷಿ ಪಡೋಕೆ ಮುಂಚೆ ಯಾವ್ಯಾವುದಕ್ಕೆ ತೆಗೀಬಾರ್ದೋ ಅದನ್ನೆಲ್ಲ ಒಂದೊಂದಾಗಿ ಒತ್ತಿ ನೋಡೋದು.

ಟಿಕೆಟ್ ಇಡೋ ಜಾಗದ ವಿಷಯನೂ ಇಲ್ಲೇ ಹೇಳ್ಬಿಡ್ತೀನಿ. ಏನೂ ಹೇಳದಿದ್ರೆ ಟೆಂಪ್ ಡೈರೆಕ್ಟರಿಲಿ ಯೂಸರ್ ನಂಬರ್ ಸೇರಿಸಿದ ಹೆಸರಲ್ಲಿ ಒಂದು ಫೈಲ್ ಆಗುತ್ತೆ. ಇಡೀ ದಿನ ನೂರಾರು ಜನರ ಟಿಕೆಟ್ ಒಂದೇ ಫೈಲಲ್ಲಿ ಬರೆದು ಅಳಿಸೋದು ನಂಗೆ ಇಷ್ಟ ಇಲ್ಲ, ಮೆಮೊರಿ ಕ್ಯಾಶ್ ಅಂತ ಒಂದು ಬಗೆ ಇದೆ, ಪ್ರೋಗ್ರಾಮಿನ ಒಳಗೇ ಇದ್ದು ಅಲ್ಲೇ ಮುಗಿದುಹೋಗುತ್ತೆ, ಅದನ್ನ ಹಾಕಿದೆ. ಎಸ್‌ಡಿ ಕಾರ್ಡೂ ಸವೆಯಲ್ಲ.

ಹೆಸರಿನ ಗಲಾಟೆ ಸಂಜೆ ಫೈಲ್ ಕಳಿಸುವಾಗ ಬಂತು. ಪೆಟ್ಟಿಗೆ ತನ್ನ ಕೀಯಿಂದ ಟಿಕೆಟ್ ತಗೊಂಡು ಆಫೀಸ್ ಮಿಷಿನ್ ಸೇವೆಗೆ ಟಿಕೆಟ್ ಕೇಳ್ಬೇಕು, ಕೇಳಿದ್ರೆ ಸರ್ವರ್ ನಾಟ್ ಫೌಂಡ್ ಇನ್ ಕೆರ್ಬರೋಸ್ ಡೇಟಾಬೇಸ್. ಆ ಹೆಸರು ಡೇಟಾಬೇಸಲ್ಲಿ ಇದೆ, ಕಣ್ಣಾರೆ ನೋಡ್ತಿದೀನಿ. ಮತ್ತೆ ಟ್ರೇಸ್ ಹಾಕಿದೆ. ನಾನು ಕೊಟ್ಟ ಹೆಸರನ್ನ ಲೈಬ್ರರಿ ಹಂಗೇ ತಗೊಳ್ಳಲ್ಲ, ಮೊದಲು ಡಿಎನ್‌ಎಸ್ಸಲ್ಲಿ ಆ ಹೆಸರಿನ ಪೂರ್ತಿ ರೂಪ ಮತ್ತೆ ಐಪಿ ತಗೊಳ್ಳುತ್ತೆ, ಆಮೇಲೆ ಆ ಐಪಿಗೆ ಹೆಸರೇನು ಅಂತ ತಿರುಗಿ ಕೇಳುತ್ತೆ, ಸಿಕ್ಕಿದ ಹೆಸರಿಗೆ ಟಿಕೆಟ್ ಕೇಳುತ್ತೆ. ನಮ್ಮ ರೌಟರ್ ತಿರುಗಿ ಕೇಳಿದಾಗ ಮಿಷಿನ್ನಿನ ಹಳೇ ಹೆಸರು ಹೇಳ್ತಿತ್ತು. ಊರಲ್ಲಿ ಒಬ್ಬರ ಮನೆ ಅಡ್ರೆಸ್ ಕೇಳಿ ಹೋಗಿ, ಬಾಗಿಲಲ್ಲಿ ನಿಂತು ಈ ಮನೆ ಯಾರದು ಅಂತ ಪಕ್ಕದ ಮನೆಯವರನ್ನ ಕೇಳಿದ್ರೆ, ಅವರು ಮೊದಲಿದ್ದ ಬಾಡಿಗೆಯವರ ಹೆಸರು ಹೇಳಿದ ಹಾಗೆ. ಕಾನ್ಫಿಗಲ್ಲಿ ಆರ್‌ಡಿಎನ್‌ಎಸ್ ಫಾಲ್ಸ್ ಅಂತ ಒಂದು ಸಾಲು ಹಾಕಿದೆ, ತಿರುಗಿ ಕೇಳೋದು ನಿಂತ್ಕೊಂಡ್ತು, ಫೈಲ್ ಹೋಯ್ತು. ಡಿಎನ್‌ಎಸ್ ಉತ್ತರಕ್ಕೆ ಯಾರೂ ಸಹಿ ಹಾಕಿರಲ್ಲ, ಅದರ ಮಾತು ಕೇಳಿ ಯಾರ ಹೆಸರಿಗೆ ಟಿಕೆಟ್ ತಗೊಳ್ಬೇಕು ಅಂತ ತೀರ್ಮಾನ ಮಾಡೋದು ಭದ್ರತೆ ದೃಷ್ಟಿಯಿಂದಲೂ ಒಳ್ಳೇದಲ್ಲ, ಹಂಗಾಗಿ 26 ಡೆಸ್ಕ್‌ಟಾಪಿಗೂ ಇದನ್ನೇ ಹಾಕಿದೆ.

ಇಷ್ಟಾದ್ಮೇಲೆ ಪೆಟ್ಟಿಗೆ ಮೂರು ವಾರ ತೊಂದರೆ ಇಲ್ದೆ ಓಡ್ತು.

ಆಮೇಲೆ ಒಂದು ಶನಿವಾರ ರಾತ್ರಿ ಗುಡುಗು ಮಳೆಗೆ ಕರೆಂಟ್ ಹೋಯ್ತು, ಲ್ಯಾಬಿನ ಎಂಸಿಬಿ ಟ್ರಿಪ್ ಆಗಿ ಕೂತ್ಕೊಂಡ್ತು, ಸೋಮವಾರ ಬೆಳಗ್ಗೆ ನಮ್ಮ ಅಟೆಂಡರ್ ಅಣ್ಣ ಬಂದು ಮೇಲಕ್ಕೆತ್ತೋವರೆಗೂ ಲ್ಯಾಬಿಗೆ ಕರೆಂಟ್ ಇಲ್ಲ. ಬೆಳಗ್ಗೆ ಎಲ್ಲ ಆನ್ ಆಯ್ತು, ಹುಡುಗ್ರು ಒತ್ತಿದ್ರು, ಒಳಗೆ ಬಂದ್ರು, ಒಬ್ಬರೂ ಲಾಗಿನ್ ಆಗ್ತಿಲ್ಲ ಅನ್ಲಿಲ್ಲ. ಸಂಜೆ ಪ್ರಿನ್ಸಿಪಾಲ್ ಮೇಡಂ ಕರೆಸಿದ್ರು. "ಏನಪ್ಪಾ ಇದು, ಶನಿವಾರ ರಾತ್ರಿ ಹನ್ನೊಂದೂವರೆಗೆ ಇಷ್ಟು ಜನ ಲ್ಯಾಬಿಗೆ ಬಂದಿದಾರೆ ಅಂತ ಬರ್ತಿದೆಯಲ್ಲ?" ಅಂದ್ರು. ಪಕ್ಕದಲ್ಲಿದ್ದ ಅಟೆಂಡರ್ ಅಣ್ಣ, "ಶನಿವಾರ ನಾನೇ ಬೀಗ ಹಾಕ್ದೆ ಮೇಡಂ, ಒಂದು ಹುಳನೂ ಒಳಗೆ ಹೋಗಿಲ್ಲ" ಅಂದ. ಲಿಸ್ಟ್ ನೋಡಿದೆ, 23 ಗಂಟೆ 30 ನಿಮಿಷದ ಆಸುಪಾಸಿಂದ ಶುರುವಾಗಿ ಒಂದರ ಹಿಂದೆ ಒಂದು ಹೆಸರು. ಹೆಸರುಗಳೆಲ್ಲ ಸರಿ, ಕ್ರಮ ಸರಿ, ನಡುವಿನ ಅಂತರ ಸರಿ, ಗಡಿಯಾರ ಮಾತ್ರ ಶನಿವಾರದಲ್ಲೇ ನಿಂತಿದೆ.

ಪೈ 3ರಲ್ಲಿ ಬ್ಯಾಟರಿ ಇರೋ ಗಡಿಯಾರ ಇಲ್ಲ, ಅದು ನಂಗೆ ಗೊತ್ತಿತ್ತು. ಕರೆಂಟ್ ಹೋದ್ರೆ ಟೈಮ್ ಮರೆತುಹೋಗುತ್ತೆ, ಅದಕ್ಕೆ ಅದರಲ್ಲಿ ಫೇಕ್ ಎಚ್‌ಡಬ್ಲ್ಯೂ ಕ್ಲಾಕ್ ಅಂತ ಒಂದು ಪ್ಯಾಕೇಜ್ ಇರುತ್ತೆ, ಗಂಟೆಗೊಂದು ಸಲ ಮತ್ತೆ ಶಟ್‌ಡೌನ್ ಆಗುವಾಗ ಟೈಮನ್ನ ಒಂದು ಫೈಲಲ್ಲಿ ಬರೆದಿಟ್ಟು, ಬೂಟ್ ಆದಾಗ ಅಲ್ಲಿಂದ ಮುಂದುವರೆಸುತ್ತೆ. ಗಂಟೆಗೊಂದು ಸಲದ ಕೆಲಸ ನಮ್ಮ ಪೈಲಿ ಓಡೋದು 17ನೇ ನಿಮಿಷಕ್ಕೆ, ಅಂದ್ರೆ ಕೊನೇದಾಗಿ ಬರೆದಿದ್ದು ಶನಿವಾರ 23 ಗಂಟೆ 17 ನಿಮಿಷ, ಸೋಮವಾರ ಬೂಟ್ ಆದಾಗ ಪೆಟ್ಟಿಗೆ ಅಲ್ಲಿಂದಲೇ ಎಣಿಸೋಕೆ ಶುರು ಮಾಡಿದೆ. ಎನ್‌ಟಿಪಿಗೆ ಕ್ರೋನಿ (ನೆಟ್‌ವರ್ಕಿಂದ ಟೈಮ್ ತಂದು ಗಡಿಯಾರ ಸರಿಮಾಡೋ ಪ್ರೋಗ್ರಾಂ) ಹಾಕಿದ್ದೆ, ಆದ್ರೆ ಅದು ಇಂಟರ್ನೆಟ್ಟಿನ ಸರ್ವರ್ ಕೇಳ್ತಿತ್ತು, ಅವತ್ತು ಆಫೀಸ್ ಕಡೆಯಿಂದ ಇಂಟರ್ನೆಟ್ ಬರ್ತಿರ್ಲಿಲ್ಲ, ಲ್ಯಾಬಿನ ಒಳಗಿನ ನೆಟ್‌ವರ್ಕ್ ಮಾತ್ರ ಇತ್ತು.

ನಂಗೆ ಅರ್ಥ ಆಗದೇ ಇದ್ದಿದ್ದು ಇದು: ಕೆರ್ಬರೋಸಲ್ಲಿ ಎರಡು ಕಡೆಯ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಹಿಂದೆ ಮುಂದೆ ಆದ್ರೆ ಕ್ಲಾಕ್ ಸ್ಕ್ಯೂ ಅಂತ ಎರರ್ ಬಂದು ಎಲ್ಲ ನಿಂತುಹೋಗ್ಬೇಕು. 300 ಸೆಕೆಂಡ್, ಡೀಫಾಲ್ಟ್. ಕದ್ದಿಟ್ಕೊಂಡ ಹಳೇ ಮೆಸೇಜನ್ನ ಆಮೇಲೆ ತಂದು ತೋರಿಸ್ಬಾರ್ದು ಅಂತ ಇರೋ ನಿಯಮ. ಇಲ್ಲಿ ಒಂದೂವರೆ ದಿನ ಹಿಂದಿದೆ, ಆದ್ರೂ ಎಲ್ಲ ಲಾಗಿನ್ ಆಗಿದೆ. ಹೇಗೆ?

ಉತ್ತರ ಓಎಸ್ ಡೈರೆಕ್ಟರಿಯ ಟೈಮ್ ಫೈಲುಗಳಲ್ಲಿ ಸಿಕ್ತು. ಲೈಬ್ರರಿ ಟೈಮ್ ಬೇಕಾದಾಗ ಸಿಸ್ಟಮ್ ಗಡಿಯಾರವನ್ನ ನೇರವಾಗಿ ನಂಬಲ್ಲ. ಕಾಂಟೆಕ್ಸ್ಟ್ ಅಂತ ನಾವು ಶುರುವಲ್ಲಿ ತೆರೀತೀವಲ್ಲ, ಅದರೊಳಗೆ ಒಂದು ವ್ಯತ್ಯಾಸದ ಜಾಗ ಇಟ್ಕೊಂಡಿರುತ್ತೆ, ಇಷ್ಟು ಸೆಕೆಂಡ್, ಇಷ್ಟು ಮೈಕ್ರೋಸೆಕೆಂಡ್ ಅಂತ, ಮತ್ತೆ ಅದು ಲೆಕ್ಕಕ್ಕಿದೆಯಾ ಇಲ್ವಾ ಅಂತ ಒಂದು ಫ್ಲ್ಯಾಗ್. ಟೈಮ್ ಕೇಳಿದ್ರೆ ಸಿಸ್ಟಮ್ ಟೈಮಿಗೆ ಈ ವ್ಯತ್ಯಾಸ ಕೂಡಿಸಿ ಹೇಳುತ್ತೆ. ಕೆಡಿಸಿ ಟೈಮ್‌ಸಿಂಕ್ ಅನ್ನೋ ಸೆಟ್ಟಿಂಗ್ ಡೀಫಾಲ್ಟಾಗಿ ಆನ್ ಇರುತ್ತೆ, ಅದು ಆನ್ ಇದ್ರೆ ಕೆಡಿಸಿ ಕೊಟ್ಟ ಉತ್ತರದ ಗುಪ್ತ ಭಾಗದಲ್ಲಿ ಇರೋ ಟೈಮನ್ನ ತಗೊಂಡು, ನಮ್ಮ ಗಡಿಯಾರ ಎಷ್ಟು ಹಿಂದಿದೆ ಅಂತ ಲೆಕ್ಕ ಹಾಕಿ ಆ ಜಾಗದಲ್ಲಿ ಬರ್ಕೊಳ್ಳುತ್ತೆ. ಸಿಸ್ಟಮ್ ಗಡಿಯಾರ ಮುಟ್ಟಲ್ಲ, ಅದಕ್ಕೆ ರೂಟ್ ಬೇಕು, ಲೈಬ್ರರಿಗೆ ಆ ಅಧಿಕಾರ ಇಲ್ಲ, ತನ್ನ ಮಟ್ಟಿಗೆ ಸರಿ ಮಾಡ್ಕೊಳ್ಳುತ್ತೆ ಅಷ್ಟೇ. ಹಂಗಾಗಿ ಟಿಕೆಟಿನ ಎಲ್ಲ ವ್ಯವಹಾರ ಸೋಮವಾರದ ಟೈಮಲ್ಲಿ ನಡೆದಿದೆ. ನಾನು ಮಾತ್ರ ಹಾಜರಿ ಬರೆಯುವಾಗ ಸಿ ಲೈಬ್ರರಿಯ ಸಾದಾ ಟೈಮ್ ಫಂಕ್ಷನ್ ಕರೆದಿದ್ದೆ, ಅದು ಶನಿವಾರ ಅಂತು. ಒಂದೇ ಪ್ರೋಗ್ರಾಮಲ್ಲಿ ಎರಡು ಗಡಿಯಾರ ಓಡ್ತಿತ್ತು, ನಂಗೆ ಗೊತ್ತೇ ಇರ್ಲಿಲ್ಲ.

ಇದನ್ನ ಓದಿದ ರಾತ್ರಿ ನಂಗೆ ತುಂಬಾ ಸಂತೋಷ ಆಯ್ತು, ನಿಜ ಹೇಳ್ತೀನಿ. ಎಷ್ಟೋ ವರ್ಷದ ಹಿಂದೆ ಯಾರೋ ಕೂತು, ಗಡಿಯಾರ ಕೆಟ್ಟಿರೋ ಮಿಷಿನ್ ಮುಂದೆ ಕೂತ ಹುಡುಗನೂ ಕೆಲಸ ಮಾಡ್ಬೇಕು ಅಂತ ಯೋಚಿಸಿ ಬರೆದಿರೋ ಕೋಡು ಅದು.

ರಿಪೇರಿ ಎರಡು ಸಾಲು. ಹಾಜರಿ ಟೈಮನ್ನ ಕೆಆರ್‌ಬಿ5 ಟೈಮ್ ಆಫ್ ಡೇ ಅನ್ನೋ ಲೈಬ್ರರಿ ಫಂಕ್ಷನ್ನಿಂದ ತಗೊಳ್ಳೋದು, ಅದೂ ಟಿಕೆಟ್ ಬಂದು ವೆರಿಫೈ ಆದ್ಮೇಲೆ, ಅದೇ ಕಾಂಟೆಕ್ಸ್ಟಿಂದ. ಮುಂಚೆ ನಾನು ಎಂಟರ್ ಒತ್ತಿದ ತಕ್ಷಣ ಟೈಮ್ ತಗೊಳ್ತಿದ್ದೆ, ಹಂಗೆ ಮಾಡಿದ್ರೆ ಮೊದಲನೇ ಹುಡುಗನಿಗೆ ವ್ಯತ್ಯಾಸ ಇನ್ನೂ ಗೊತ್ತಾಗಿರಲ್ಲ. ಸಿಸ್ಟಮ್ ಟೈಮೂ ಲೈಬ್ರರಿ ಟೈಮೂ ಎರಡು ನಿಮಿಷಕ್ಕಿಂತ ಜಾಸ್ತಿ ಬೇರೆ ಆದ್ರೆ ಎಲ್‌ಸಿಡಿ ಮೂಲೇಲಿ ಒಂದು ಗುರುತು ಬರೋ ಹಾಗೂ ಮಾಡಿದೆ, ಅಟೆಂಡರ್ ಅಣ್ಣನಿಗೆ ಅದು ಕಂಡ್ರೆ ಫೋನ್ ಮಾಡು ಅಂದಿದೀನಿ.

ಆದ್ರೆ ಕೆಡಿಸಿ ಟೈಮ್‌ಸಿಂಕ್ ಟಿಕೆಟ್ ತಗೊಳ್ಳೋ ಕಡೆಯ ತಪ್ಪನ್ನ ಮಾತ್ರ ಮುಚ್ಚುತ್ತೆ, ಟಿಕೆಟ್ ನೋಡಿ ಒಳಗೆ ಬಿಡೋ ಸರ್ವರಿನ ಗಡಿಯಾರ ಕೆಟ್ರೆ ಅದಕ್ಕೆ ಯಾರೂ ವ್ಯತ್ಯಾಸ ಹೇಳಿಕೊಡಲ್ಲ, ಎಲ್ಲರನ್ನೂ ವಾಪಸ್ ಕಳಿಸುತ್ತೆ. ಹಂಗಾಗಿ ನಿಜವಾದ ಗಡಿಯಾರಗಳನ್ನೂ ಸರಿಮಾಡಲೇಬೇಕು. ಡೆಸ್ಕ್‌ಟಾಪ್ ಮತ್ತೆ ಆಫೀಸ್ ಮಿಷಿನ್ನಿಗೆ ಹೊಸ ಸಿಆರ್ 2032 ಸೆಲ್ ಹಾಕಿದೆ, ಅದೊಂದು ಮಧ್ಯಾಹ್ನದ ಕೆಲಸ. ಪೈಗೆ ಬೆಂಗಳೂರು ಎಸ್‌ಪಿ ರೋಡಿಂದ ಡಿಎಸ್ 3231 ಅನ್ನೋ ಬ್ಯಾಟರಿ ಗಡಿಯಾರದ (ಆರ್‌ಟಿಸಿ) ಮಾಡ್ಯೂಲ್ ತಂದೆ.

ಈ ಮಾಡ್ಯೂಲ್ ತಗೊಳ್ಳೋರಿಗೆ ಎರಡು ಮಾತು. ನೀಲಿ ಬೋರ್ಡಿನ ಸಾಮಾನ್ಯ ಮಾಡ್ಯೂಲಲ್ಲಿ ಬ್ಯಾಟರಿಗೆ ಚಾರ್ಜ್ ಕೊಡೋ ಒಂದು ಡಯೋಡ್ ಮತ್ತೆ 200 ಓಮ್ ರೆಸಿಸ್ಟರ್ ಇರುತ್ತೆ, ಅದು ಚಾರ್ಜ್ ಆಗೋ ಎಲ್‌ಐಆರ್ 2032 ಸೆಲ್ಲಿಗೆ. ನಾವು ಅಂಗಡೀಲಿ ಸಿಗೋ ಸಾದಾ ಸಿಆರ್ 2032 ಹಾಕ್ತೀವಿ, ಅದಕ್ಕೆ ಚಾರ್ಜ್ ಕೊಡೋ ಹಾಗಿಲ್ಲ, ಉಬ್ಬುತ್ತೆ. ಸೋಲ್ಡರಿಂಗ್ ಐರನ್ ತಗೊಂಡು ಆ ರೆಸಿಸ್ಟರ್ ಕಿತ್ತುಹಾಕಿ. ಎರಡನೇದು, ಎಲ್‌ಸಿಡಿ ಹಿಂದಿನ ಐ ಸ್ಕ್ವೇರ್ ಸಿ (ಎರಡು ತಂತಿಯಲ್ಲಿ ಚಿಪ್ಪುಗಳು ಮಾತಾಡೋ ಬಸ್) ಬೋರ್ಡಿಗೆ 5 ವೋಲ್ಟ್ ಕೊಟ್ರೆ ಅದರ ಪುಲ್‌ಅಪ್‌ಗಳು ಎರಡೂ ಲೈನನ್ನ 5 ವೋಲ್ಟಿಗೆ ಎಳೀತವೆ, ಪೈ ಪಿನ್ನು 3.3 ವೋಲ್ಟಿಗಷ್ಟೇ. ನಾನು ಮಧ್ಯ ವೋಲ್ಟೇಜ್ ಹೊಂದಿಸೋ ಒಂದು ಲೆವೆಲ್ ಶಿಫ್ಟರ್ ಹಾಕಿ, ಆರ್‌ಟಿಸಿನ ಪೈ ಕಡೆ 3.3 ವೋಲ್ಟಿಗೆ ತಗಲಿಸಿದೆ. ಪಿನ್ 1, 3, 5, 9. ಬಸ್ ಸ್ಕ್ಯಾನ್ ಮಾಡಿದಾಗ ಅಡ್ರೆಸ್ 27ರಲ್ಲಿ ಎಲ್‌ಸಿಡಿ, 57ರಲ್ಲಿ ಮಾಡ್ಯೂಲಿನ ಇಇಪ್ರಾಮ್, 68ರಲ್ಲಿ ಗಡಿಯಾರ ಕಾಣಿಸ್ತು. ಓವರ್‌ಲೇ ಸಾಲು ಹಾಕಿ ರೀಬೂಟ್ ಮಾಡಿದ್ಮೇಲೆ 68ರ ಜಾಗದಲ್ಲಿ ಯುಯು ಅಂತ ಬಂತು, ಅಂದ್ರೆ ಡ್ರೈವರ್ ಹಿಡ್ಕೊಂಡಿದೆ. ಫೇಕ್ ಎಚ್‌ಡಬ್ಲ್ಯೂ ಕ್ಲಾಕ್ ತೆಗೆದುಹಾಕಿದೆ. ಡಿಎಸ್ 3231 ತಪ್ಪು 0 ಇಂದ 40 ಡಿಗ್ರಿ ಒಳಗೆ ಹತ್ತು ಲಕ್ಷಕ್ಕೆ ಎರಡು ಭಾಗ, ವರ್ಷಕ್ಕೆ ಸುಮಾರು ಒಂದು ನಿಮಿಷ. 5 ನಿಮಿಷದ ಮಿತಿಗೆ ಧಾರಾಳ ಆಯ್ತು.

ಕ್ರೋನಿನೂ ಬದಲಾಯಿಸಿದೆ. ಕೆಡಿಸಿ ಮಿಷಿನ್ನೇ ಈಗ ಲ್ಯಾಬಿನ ಟೈಮ್ ಸರ್ವರ್, ಇಂಟರ್ನೆಟ್ ಇದ್ರೆ ಅಲ್ಲಿಂದ ತಗೊಳ್ಳುತ್ತೆ, ಇಲ್ದಿದ್ರೆ ಲೋಕಲ್ ಸ್ಟ್ರೇಟಮ್ 10 ಅಂತ ತನ್ನದೇ ಟೈಮ್ ಹಂಚುತ್ತೆ. ಹೊರಗಿನ ಪ್ರಪಂಚಕ್ಕಿಂತ ಹತ್ತು ಸೆಕೆಂಡ್ ಆಚೆ ಈಚೆ ಆದ್ರೂ ಚಿಂತೆ ಇಲ್ಲ, ಲ್ಯಾಬಿನ ಒಳಗೆ ಎಲ್ಲರದ್ದೂ ಒಂದೇ ಇರ್ಬೇಕು.

ಸೋರ್ಸ್ ಓದುವಾಗ ಕಂಡ ಇನ್ನೊಂದು ಚಂದದ ವಿಷಯ. ಮೈಕ್ರೋಸೆಕೆಂಡ್ ಸಮೇತ ಟೈಮ್ ಕೊಡೋ ಫೈಲಲ್ಲಿ, ಹಿಂದಿನ ಸಲ ಏನು ಟೈಮ್ ಹೇಳಿದ್ದೆ ಅಂತ ನೆನಪಿಟ್ಕೊಂಡು, ಅದೇ ಸೆಕೆಂಡಲ್ಲಿ ಮತ್ತೆ ಅದೇ ಮೈಕ್ರೋಸೆಕೆಂಡ್ ಬಂದ್ರೆ ಒಂದು ಕೂಡಿಸಿ ಕೊಡುತ್ತೆ. ಒಂದೇ ಟೈಮ್ ಹೊತ್ತ ಎರಡು ಮೆಸೇಜ್ ಹೋದ್ರೆ ಎರಡನೇದನ್ನ ಆ ಕಡೆಯವರು ರಿಪ್ಲೇ, ಅಂದ್ರೆ ಕದ್ದ ಹಳೇ ಮೆಸೇಜ್ ಅಂತ ಅನುಮಾನ ಪಡಬಹುದಲ್ಲ. ವಿಂಡೋಸಿಗೆ ಅಂತ ಬರೆದ ಕೋಡು ಮಿಲಿಸೆಕೆಂಡ್ ನಿಖರತೆಯ ಟೈಮ್ ತಗೊಳ್ಳೋದ್ರಿಂದ ಅಲ್ಲಿ ಹಿಂಗೆ ಆಗೋ ಸಾಧ್ಯತೆ ಜಾಸ್ತಿ. ಪ್ರೋಗ್ರಾಮಿಂಗ್ ಕ್ಲಾಸಲ್ಲಿ ಮ್ಯೂಟೆಕ್ಸ್ (ಇಂಥ ನೆನಪಿನ ಜಾಗವನ್ನ ಒಂದು ಸಲಕ್ಕೆ ಒಬ್ಬರೇ ಮುಟ್ಟೋ ಹಾಗೆ ಹಾಕೋ ಬೀಗ) ಯಾಕೆ ಬೇಕು ಅಂತ ಹೇಳೋಕೆ ಇದಕ್ಕಿಂತ ಚಿಕ್ಕ, ಸ್ಪಷ್ಟ ಉದಾಹರಣೆ ನಂಗೆ ಸಿಕ್ಕಿಲ್ಲ, ಈ ಸೆಮಿಸ್ಟರ್ ಅದನ್ನೇ ಬೋರ್ಡ್ ಮೇಲೆ ಬರೆದೆ.

ಕೊನೇ ಪರೀಕ್ಷೆಗೆ ಕರೆಂಟ್ ಹೋಗೋದನ್ನ ಕಾಯ್ಲಿಲ್ಲ. ಮೊದಲು ಆರ್‌ಟಿಸಿ ತಂತಿ ಬಿಚ್ಚಿ, ಕ್ರೋನಿ ನಿಲ್ಲಿಸಿ, ಪೈ ಗಡಿಯಾರನ ಕೈಯಾರೆ ಮೂರು ದಿನ ಹಿಂದಕ್ಕೆ ಇಟ್ಟು ನಾನೇ ಒತ್ತಿ ನೋಡಿದೆ. ಎಲ್‌ಸಿಡಿ ಮೂಲೇಲಿ ಗುರುತು ಬಂತು, ಫೈಲಲ್ಲಿ ಟೈಮ್ ಸರಿಯಾಗಿ ಅವತ್ತಿಂದೇ ಬಿತ್ತು. ಆಮೇಲೆ ಎಲ್ಲ ಮತ್ತೆ ಜೋಡಿಸಿ, ಶುಕ್ರವಾರ ಸಂಜೆ ಇಂಟರ್ನೆಟ್ ಕೇಬಲ್ ಕಿತ್ತು ಲ್ಯಾಬಿನ ಮೇನ್ ಆಫ್ ಮಾಡಿ ಮನೆಗೆ ಹೋದೆ. ಸೋಮವಾರ ಎಂಟೂವರೆಗೇ ಬಂದು ಮೇನ್ ಹಾಕಿ ಬಾಗಿಲಲ್ಲೇ ನಿಂತಿದ್ದೆ. ಅಟೆಂಡರ್ ಅಣ್ಣ ಎಲ್‌ಸಿಡಿ ಮೂಲೆ ಬಗ್ಗಿ ನೋಡಿ, "ಗುರುತು ಬಂದಿಲ್ಲ ಸಾ, ಸರಿ ಐತೆ" ಅಂದ. ಮೊದಲನೇ ಹುಡುಗಿ ಒತ್ತಿದ್ಲು, ಫೈಲ್ ತೆರೆದು ನೋಡಿದೆ, ಸೋಮವಾರ, 8 ಗಂಟೆ 52 ನಿಮಿಷ, ಕೈಗಡಿಯಾರದಲ್ಲೂ ಅಷ್ಟೇ. ಇನ್ನು ಪೆಟ್ಟಿಗೆಯಿಂದಲೇ ಪಾಸ್‌ವರ್ಡ್ ಬದಲಾಯಿಸೋದು ಬಾಕಿ, ಅದಕ್ಕೆ 464ನೇ ಪೋರ್ಟ್, ಅದರ ಫೈಲೂ ಅದೇ ಓಎಸ್ ಡೈರೆಕ್ಟರಿಲಿದೆ, ದಸರಾ ರಜೇಲಿ ಕೂರ್ತೀನಿ.